ಪರದೇಶದಲ್ಲೊಂದು ಬಿಡಾರ

(ಬಾನುಲಿ ಭಾಷಣ)

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೇರೆ ದೇಶದವನು ಎಂಬುದು ಪದವನ್ನು ಬಿಡಿಸಿದರೆ ದೊರೆಯುವ ಅರ್ಥ. ದಿಕ್ಕಿಲ್ಲದವನು, ಹೇಳುವವರು ಕೇಳುವವರು ಇಲ್ಲದವನು ಎಂಬುದು ಜನರ ಬಾಯಲ್ಲಿ ಹೆಚ್ಚಾಗಿ ಓಡಾಡುವ ಅರ್ಥ. ತಂದೆತಾಯಿಗಳನ್ನು ಕಳೆದುಕೊಂಡ ಕೂಸನ್ನು ಕಂಡು ನಮ್ಮ ಕಡೆಯ ಹೆಂಗಸರು ‘ಪರದೇಶಿ ಮಗು’ ಎಂದು ಮರುಗುತ್ತಾರೆ. ಆ ಮಗು ಹುಟ್ಟಿದೂರಿನ ಗಡಿಯನ್ನು ಕೂಡ ದಾಟಿರುವುದಿಲ್ಲ. ಊರು ಬಿಟ್ಟು ಹೋದವನಿಗೂ ದಿಕ್ಕಿಲ್ಲದವನಿಗೂ ಒಂದೇ ಹೆಸರಿಟ್ಟ ನಮ್ಮ ಹಿರಿಯರಿಗೆ ಪರಸ್ಥಳದಲ್ಲಿ ಒಬ್ಬಂಟಿಯಾಗಿ ನಿಲ್ಲುವುದೆಂದರೆ ಏನೆಂಬುದು ಚೆನ್ನಾಗಿ ತಿಳಿದಿತ್ತೆಂದು ಕಾಣುತ್ತದೆ. ಅಂಥವನಿಗೆ ಮೊದಲು ಬೇಕಾಗುವುದು ತಲೆಯ ಮೇಲೊಂದು ಸೂರು. ಕೈಗೆಟುಕುವ ಬಾಡಿಗೆಯಲ್ಲಿ ಆ ಸೂರು ಅವನಿಗೆ ಹೇಗೆ ದೊರೆಯುತ್ತದೆ, ಏಕೆ ದೊರೆಯುವುದಿಲ್ಲ ಎಂಬ ಬಗ್ಗೆ ನಾಲ್ಕು ಮಾತುಗಳನ್ನು ಈ ಹೊತ್ತು ತಮ್ಮ ಮುಂದೆ ಇಡಬಯಸುತ್ತೇನೆ.

ನಾನು ನಿವೃತ್ತಿಯ ಬಳಿಕ ನೆಲೆಸಿರುವ ಹಳ್ಳಿಮೈಸೂರು ಹೊಳೆನರಸೀಪುರ ತಾಲ್ಲೂಕಿನ ಒಂದು ಹೋಬಳಿಯ ಊರು. ಹಿಂದೆ ಇಲ್ಲಿಂದ ಮಕ್ಕಳು ಓದಿಗೆಂದು ಹೊರಟರೆ ಹಾಸನಕ್ಕೆ, ಹೆಚ್ಚೆಂದರೆ ಮೈಸೂರಿಗೋ ಬೆಂಗಳೂರಿಗೋ ಹೋಗುತ್ತಿದ್ದರು. ಈಗ ಹಾಗಲ್ಲ. ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳಿಂದಲೂ ಆಲೂಗೆಡ್ಡೆ, ಹೊಗೆಸೊಪ್ಪು, ತೆಂಗು ಬೆಳೆದವರ ಮಕ್ಕಳು ಜರ್ಮನಿ, ಐರ್ಲೆಂಡ್, ಕೆನಡಾಗಳಿಗೆ ವಿಮಾನ ಏರುತ್ತಿದ್ದಾರೆ. ಹಾಗೆ ಹೋದವರ ತಂದೆತಾಯಿಗಳು ಬಸ್ ನಿಲ್ದಾಣದ ಬಳಿ ಕಂಡರೆ ಊರವರು ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ‘ಸಂಬಳ ಎಷ್ಟಂತೆ’ ಎಂಬುದು ಆರು ತಿಂಗಳ ಮೇಲಿನ ಪ್ರಶ್ನೆ. ‘ಹುಡುಗಿ ನೋಡ್ತಿದ್ದೀರಾ’ ಎಂಬುದು ಎರಡು ವರ್ಷದ ಮೇಲಿನದು. ಮೊದಲ ತಿಂಗಳಲ್ಲಿ ಎಲ್ಲರೂ ಕೇಳುವುದು ‘ಮನೆ ಸಿಕ್ತಂತಾ?’ ಎಂಬ ಒಂದೇ ಪ್ರಶ್ನೆಯನ್ನು. ಅದಕ್ಕೆ ಉತ್ತರ ಹೇಳುವಾಗ ತಾಯಿಯ ಮುಖವನ್ನು ನೋಡಬೇಕು.

ಜೀವನವೆಲ್ಲ ಕನ್ನಡ ಪಾಠ ಹೇಳಿದವನಾದ್ದರಿಂದ ಶಬ್ದಗಳ ಕಡೆಗೆ ಒಂದು ಗಳಿಗೆ ಹೊರಳುತ್ತೇನೆ, ತಾವು ಸಹಿಸಿಕೊಳ್ಳಬೇಕು. ಮನೆಯಲ್ಲಿ ಬಂದು ನೆಲೆಸುವುದಕ್ಕೆ ನಮ್ಮಲ್ಲಿ ‘ಒಕ್ಕಲು ಬರುವುದು’ ಎನ್ನುತ್ತಾರೆ. ಹೊಸ ಮನೆಯ ಪ್ರವೇಶಕ್ಕೂ ‘ಮನೆ ಒಕ್ಕಲು’ ಎಂದೇ ಹೆಸರು. ಒಕ್ಕಲೆಂದರೆ ಒಲೆ ಹಚ್ಚಿ ಸಂಸಾರ ಹೂಡಿದ ಕುಟುಂಬ. ಹಳ್ಳಿಯಲ್ಲಿ ಜನರನ್ನು ಎಣಿಸುವಾಗಲೂ ಇಷ್ಟು ಒಕ್ಕಲು ಎಂದು ಎಣಿಸುತ್ತಿದ್ದರು. ಇಷ್ಟು ತಲೆ ಎಂದಲ್ಲ. ಒಬ್ಬನೇ ಬಂದು ಇರುವವನಿಗೆ ಈ ಮಾತು ಸಲ್ಲುವುದಿಲ್ಲ. ಅವನದು ಬಿಡಾರ. ಬೀಡು, ಬಿಡಾರ ಎರಡೂ ದಂಡು ಬಂದು ಇಳಿಯುವುದನ್ನು, ಮತ್ತೆ ಎದ್ದು ಹೋಗುವುದನ್ನು ಸೂಚಿಸುವ ಮಾತುಗಳು. ಆದ್ದರಿಂದ ಒಂಟಿಯಾದವನನ್ನು ನಮ್ಮ ಭಾಷೆಯೇ ಒಂದು ಬಗೆಯ ಸಂದೇಹದಿಂದ ನೋಡುತ್ತದೆ: ಇವನು ನಿಲ್ಲುವವನಲ್ಲ. ‘ಬ್ಯಾಚುಲರ್‌ಗಳಿಗೆ ಕೊಡುವುದಿಲ್ಲ’ ಎಂದು ಗೇಟಿಗೆ ತೂಗುಹಾಕುವ ಹಲಗೆ ಈಚಿನದು. ಅದರ ಹಿಂದಿನ ಮನಸ್ಸು ಹಳೆಯದು.

1980ರ ದಶಕದ ಆರಂಭದಲ್ಲಿ ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದೆ. ಹಾಸ್ಟೆಲಿನಲ್ಲಿ ಸ್ಥಳ ಸಿಕ್ಕದ ನಾವು ಮೂವರು ಗೆಳೆಯರು ಕೂಡಿ ಕೊಠಡಿ ಹುಡುಕಿಕೊಂಡು ಹೊರಟೆವು. ಮೊದಲು ಹೊಕ್ಕ ಮನೆಯ ಯಜಮಾನರು ಜಗಲಿಯ ಮೇಲೆ ಕೂರಿಸಿ, ನೀರು ಕೊಟ್ಟು, ಬಾಡಿಗೆಯ ಮಾತನ್ನು ಕಡೆಗಿಟ್ಟುಕೊಂಡು ಮೂರು ಪ್ರಶ್ನೆಗಳನ್ನು ಕೇಳಿದರು. ಯಾವ ಊರು? ಯಾರ ಪೈಕಿ? ಇಲ್ಲಿ ನಿಮಗೆ ಯಾರಿದ್ದಾರೆ? ಮೊದಲನೆಯದಕ್ಕೆ ಮೂವರೂ ಉತ್ತರ ಹೇಳಿದೆವು. ಎರಡನೆಯದಕ್ಕೆ ಇಬ್ಬರು ಹೇಳಿದೆವು. ಮೂರನೆಯ ಗೆಳೆಯ ತನ್ನ ಕೇರಿಯ ಹೆಸರನ್ನು ಮುಚ್ಚಿಡದೆ ಹೇಳಿದ. ಯಜಮಾನರು ತುಸು ಹೊತ್ತು ಸುಮ್ಮನಿದ್ದು, ಕೊಠಡಿಯನ್ನು ಹಿಂದಿನ ದಿನವೇ ಬೇರೊಬ್ಬರಿಗೆ ಮಾತು ಕೊಟ್ಟಿರುವುದಾಗಿ ಜ್ಞಾಪಿಸಿಕೊಂಡರು. ಮೂರನೆಯ ಪ್ರಶ್ನೆಗೆ ಉತ್ತರ ಹೇಳುವ ಸಂದರ್ಭವೇ ಬರಲಿಲ್ಲ. ಕೊನೆಗೆ ಪಡುವಾರಹಳ್ಳಿಯಲ್ಲಿ ನಮಗೆ ಕೊಠಡಿ ದೊರೆತದ್ದು ನಮ್ಮ ಅಧ್ಯಾಪಕರೊಬ್ಬರು ಬರೆದುಕೊಟ್ಟ ನಾಲ್ಕು ಸಾಲಿನ ಚೀಟಿಯಿಂದ. ಆ ಮನೆಯಾಕೆ ಚೀಟಿಯನ್ನು ಓದಿಸಿ ಕೇಳಿ, ‘ಮೇಷ್ಟ್ರು ಹೊಣೆ ಅಂದಮೇಲೆ ಸರಿ’ ಎಂದು ಬೀಗದ ಕೈ ಕೊಟ್ಟರು. ಎರಡನೆಯ ಪ್ರಶ್ನೆಯನ್ನು ಆಕೆ ಕೇಳಲೇ ಇಲ್ಲ.

ಈ ಮೂರು ಪ್ರಶ್ನೆಗಳನ್ನು ತಾವು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಬೇಡುತ್ತೇನೆ. ಲೋಕದ ಯಾವ ಊರಿನಲ್ಲೇ ಆಗಲಿ, ಒಂಟಿಯಾದ ಹೊಸಬನೊಬ್ಬ ಬಾಗಿಲು ತಟ್ಟಿದಾಗ ಮನೆಯವರು ಕೇಳುವುದು ಇವನ್ನೇ. ಮೂರನೆಯದು ನ್ಯಾಯವಾದ ಪ್ರಶ್ನೆ. ಬಾಡಿಗೆ ನಿಂತುಹೋದರೆ, ಕಾಯಿಲೆ ಬಿದ್ದರೆ, ಹೇಳದೆ ಹೊರಟುಹೋದರೆ ಯಾರನ್ನು ಕೇಳಬೇಕು ಎಂದು ತಿಳಿದುಕೊಳ್ಳುವ ಹಕ್ಕು ಮನೆಯವರಿಗೆ ಇದೆ. ಕಷ್ಟವೆಲ್ಲ ಎಲ್ಲಿದೆಯೆಂದರೆ, ಮೂರನೆಯ ಪ್ರಶ್ನೆಗೆ ಉತ್ತರವನ್ನು ಬಹಳ ಕಾಲದಿಂದ ನಾವು ಎರಡನೆಯ ಪ್ರಶ್ನೆಯ ಮೂಲಕವೇ ಪಡೆಯುತ್ತ ಬಂದಿದ್ದೇವೆ.

ನಮ್ಮ ನಾಡಿನಲ್ಲಿ ಒಂಟಿ ವಿದ್ಯಾರ್ಥಿಗಳ ವಸತಿ ಹೇಗೆ ನಡೆಯಿತೆಂಬುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಛತ್ರಗಳಿದ್ದುವು, ವಾರಾನ್ನವಿತ್ತು. 20ನೆಯ ಶತಮಾನದ ಆರಂಭದಲ್ಲಿ ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಧರ್ಮಛತ್ರವನ್ನು ಕಟ್ಟಿಸಿದರು. ಅವರ ಧರ್ಮಸಂಸ್ಥೆಯಿಂದ ವಿದ್ಯಾರ್ಥಿನಿಲಯವೂ ನಡೆಯಿತು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು, ಹಾಸ್ಟೆಲುಗಳು ಬಂದುವು. ಮೈಸೂರಿನಲ್ಲಿ ಸುತ್ತೂರು ಮಠ, ತುಮಕೂರಿನ ಬಳಿ ಸಿದ್ಧಗಂಗೆ, ಹೀಗೆ ಮಠಗಳು ಬಡ ಹುಡುಗರಿಗೆ ಅನ್ನವನ್ನೂ ಸೂರನ್ನೂ ಕೊಟ್ಟುವು. ಮುಂಬಯಿಗೆ ಹೋದ ಕರಾವಳಿಯ ಹುಡುಗರು ಹೋಟೆಲಿನಲ್ಲಿ ದುಡಿದು, ರಾತ್ರಿ ಮೇಜುಗಳನ್ನು ಸರಿಸಿ ಅಲ್ಲಿಯೇ ಮಲಗಿ, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದರು. ಈ ಸಂಸ್ಥೆಗಳ ಋಣವನ್ನು ಯಾರೂ ಮರೆಯುವಂತಿಲ್ಲ. ಇವುಗಳಲ್ಲಿ ಕೆಲವು ಎಲ್ಲ ಜಾತಿಯ ಮಕ್ಕಳಿಗೂ ಬಾಗಿಲು ತೆರೆದುವು ಎಂಬುದನ್ನೂ ಹೇಳಬೇಕು. ಆದರೆ ಒಟ್ಟು ವ್ಯವಸ್ಥೆ ನಿಂತದ್ದು ‘ನಮ್ಮ ಹುಡುಗ’ ಎಂಬ ಮಾತಿನ ಮೇಲೆ. ನಮ್ಮವನು, ಆದ್ದರಿಂದ ನಾವು ಹೊಣೆ. ‘ನಮ್ಮವರು’ ಎನ್ನುವವರೇ ಪಟ್ಟಣದಲ್ಲಿ ಇಲ್ಲದವನ ಗತಿ ಏನು?

ಆ ವ್ಯವಸ್ಥೆಯ ಹೊರಗೆ ಕೈ ಹಿಡಿದವರೂ ಇದ್ದರು. ಮಲೆನಾಡಿನಿಂದ ಬಂದ ಕುವೆಂಪು 1920ರ ದಶಕದಲ್ಲಿ ಮೈಸೂರಿನಲ್ಲಿ ಓದುತ್ತಿದ್ದಾಗ ಸಂತೆಪೇಟೆಯ ಹೋಟೆಲೊಂದರ ಕೊಠಡಿಯಲ್ಲಿ ಇದ್ದರು. ಅಲ್ಲಿ ಕಾಯಿಲೆ ಬಿದ್ದ ತರುಣನನ್ನು ಶ್ರೀರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ತಮ್ಮಲ್ಲಿಗೆ ಕರೆದುಕೊಂಡು ಹೋದರು. ಅಧ್ಯಾಪಕರಾದ ಮೇಲೂ ಕುವೆಂಪು ಬಹಳ ಕಾಲ ಆಶ್ರಮದಲ್ಲಿಯೇ ಉಳಿದರು. ಅವರ ಮದುವೆಯಾದದ್ದು 1937ರಲ್ಲಿ. ಕನ್ನಡದ ಎಷ್ಟು ದೊಡ್ಡ ಸಂಪತ್ತು ಒಬ್ಬ ಒಂಟಿ ಯುವಕನಿಗೆ ಸಿಕ್ಕ ಒಂದು ಕೊಠಡಿಯ ನೆರಳಿನಲ್ಲಿ ಬೆಳೆಯಿತೆಂಬುದನ್ನು ಸಾಹಿತ್ಯ ಚರಿತ್ರೆ ಬರೆಯುವ ನಾವು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ಇದಕ್ಕೆ ತೀರ ಎದುರಾದ ಇನ್ನೊಂದು ಕಥೆಯನ್ನು ಡಾ. ಅಂಬೇಡ್ಕರ್ ತಾವೇ ಬರೆದಿಟ್ಟಿದ್ದಾರೆ. 1913ರಲ್ಲಿ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ವಿದ್ಯಾರ್ಥಿನಿಲಯದಲ್ಲಿ ಅವರ ಜೊತೆಗಿದ್ದು ಆಜೀವ ಮಿತ್ರರಾದವರು ನವಲ್ ಭಥೇನಾ ಎಂಬ ಪಾರ್ಸಿ ತರುಣ. ಲಂಡನ್ನಿನಲ್ಲೂ ಇದ್ದು, 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆಂದು ಹಿಂದಿರುಗಿದಾಗ ಅವರಿಗೆ ಆ ಊರಿನಲ್ಲಿ ಇಳಿದುಕೊಳ್ಳಲು ಜಾಗವಿರಲಿಲ್ಲ. ಹಿಂದೂ ವಸತಿಗೃಹಗಳು ಸೇರಿಸುವಂತಿರಲಿಲ್ಲ. ದಿನಕ್ಕೆ ಒಂದೂವರೆ ರೂಪಾಯಿ ಕೊಡುವ ಒಪ್ಪಂದದ ಮೇಲೆ, ಪಾರ್ಸಿ ಹೆಸರಿನಲ್ಲಿ, ಪಾರ್ಸಿಗಳ ವಸತಿಗೃಹವೊಂದರ ಮಹಡಿಯಲ್ಲಿ ಸೇರಿಕೊಂಡರು. ಹಳೆಯ ಸಾಮಾನು ತುಂಬಿದ್ದ ಆ ಕತ್ತಲೆಯ ಜಾಗದಲ್ಲಿ ಬೇರೆ ಯಾರೂ ಇರಲಿಲ್ಲ. ಹನ್ನೊಂದನೆಯ ದಿನ ಹನ್ನೆರಡು ಮಂದಿ ಬಡಿಗೆ ಹಿಡಿದು ಬಂದು, ಸಂಜೆಯೊಳಗೆ ಖಾಲಿ ಮಾಡಬೇಕೆಂದರು. ಅಂಬೇಡ್ಕರರು ಇಬ್ಬರು ಸ್ನೇಹಿತರನ್ನು ಆಶ್ರಯ ಕೇಳಿದರು. ಒಬ್ಬರು ತಮ್ಮ ಮನೆಯ ಆಳುಗಳು ಬಿಟ್ಟುಹೋದಾರೆಂದರು. ಇನ್ನೊಬ್ಬರು ಊರಿಗೆ ಹೋಗಿರುವ ಹೆಂಡತಿಯನ್ನು ಕೇಳಬೇಕೆಂದರು. ಸಾರ್ವಜನಿಕ ಉದ್ಯಾನದಲ್ಲಿ ಹೊತ್ತು ಕಳೆದು, ರಾತ್ರಿ ಒಂಬತ್ತರ ರೈಲಿಗೆ ಅವರು ಮುಂಬಯಿಗೆ ಹೊರಟುಬಿಟ್ಟರು. ಹಣವಿತ್ತು, ಪದವಿಯಿತ್ತು, ಸಂಸ್ಥಾನದ ನೌಕರಿಯಿತ್ತು. ನ್ಯೂಯಾರ್ಕಿನಲ್ಲಿ ಪಾರ್ಸಿ ಗೆಳೆಯನೊಡನೆ ಬಾಳಿದವರಿಗೆ ಸ್ವದೇಶದಲ್ಲಿ ಪಾರ್ಸಿ ಹೆಸರು ಹೇಳಿದರೂ ಹತ್ತು ದಿನಕ್ಕಿಂತ ಹೆಚ್ಚು ನಿಲ್ಲಲಾಗಲಿಲ್ಲ. ಪರದೇಶಿ ಎಂಬ ಮಾತಿನ ಎರಡನೆಯ ಅರ್ಥ ಎಷ್ಟು ಕಠೋರವಾದುದೆಂದು ಇದನ್ನು ಓದಿದಾಗ ಅರಿವಾಗುತ್ತದೆ.

ಬಾಡಿಗೆಯ ಹಣದ ಪಕ್ಷವನ್ನೂ ನೋಡೋಣ. ಈ ವಿಷಯದಲ್ಲಿ ಗಾಂಧೀಜಿಯ ಆತ್ಮಕಥೆಗಿಂತ ಉತ್ತಮವಾದ ಕೈಪಿಡಿಯನ್ನು ನಾನು ಕಂಡಿಲ್ಲ. 1888ರಲ್ಲಿ ಲಂಡನ್ನಿಗೆ ಹೋದ ಆ ತರುಣ ಮೊದಲು ಇಳಿದದ್ದು ದುಬಾರಿ ಹೋಟೆಲಿನಲ್ಲಿ. ಆಮೇಲೆ ಒಂದು ಕುಟುಂಬದೊಡನೆ ಇದ್ದರು; ಆಮೇಲೆ ಎರಡು ಕೊಠಡಿಗಳನ್ನು ಸ್ವತಂತ್ರವಾಗಿ ಹಿಡಿದರು. ಹಿಡಿಯುವಾಗ ತಮ್ಮ ಕೆಲಸದ ಜಾಗಕ್ಕೆ ಅರ್ಧ ಗಂಟೆಯಲ್ಲಿ ನಡೆದು ಹೋಗುವಂತಿರಬೇಕೆಂದು ನೋಡಿಕೊಂಡರು. ಗಾಡಿಯ ಖರ್ಚು ಉಳಿಯಿತು, ದಿನಕ್ಕೆ ಎಂಟು ಹತ್ತು ಮೈಲಿಗಳ ನಡಿಗೆಯೂ ಆಯಿತು. ತಮಗಿಂತ ಬಡ ವಿದ್ಯಾರ್ಥಿಗಳು ವಾರಕ್ಕೆ ಎರಡು ಶಿಲಿಂಗಿನ ಕೊಠಡಿಯಲ್ಲಿ ಇರುವುದನ್ನು ತಿಳಿದ ಮೇಲೆ ಎರಡನ್ನು ಬಿಟ್ಟು ಒಂದೇ ಕೊಠಡಿಗೆ ಬಂದು, ಒಂದು ಒಲೆಯನ್ನು ಕೊಂಡು, ಬೆಳಗಿನ ಗಂಜಿಯನ್ನೂ ಕೋಕೋವನ್ನೂ ತಾವೇ ಮಾಡಿಕೊಂಡು, ದಿನಕ್ಕೆ ಒಂದು ಶಿಲಿಂಗ್ ಮೂರು ಪೆನ್ಸಿನಲ್ಲಿ ಕಾಲ ಹಾಕಿದರು. ಬಾಡಿಗೆಯನ್ನು ಬಾಡಿಗೆಯೊಂದರಿಂದಲೇ ಅಳೆಯಬಾರದು, ಓಡಾಟದ ಹಣವನ್ನೂ ಒಲೆಯ ಅನುಕೂಲವನ್ನೂ ಕೂಡಿಸಿ ಅಳೆಯಬೇಕು ಎಂಬುದು ಅಲ್ಲಿನ ಪಾಠ. ದುಬೈಯಲ್ಲಿ ‘ಬೆಡ್ ಸ್ಪೇಸ್’ ಎಂದು ಒಂದು ಮಂಚದಷ್ಟು ಜಾಗವನ್ನೇ ಬಾಡಿಗೆಗೆ ಹಿಡಿದು ಊರಿಗೆ ಹಣ ಕಳಿಸುವ ನಮ್ಮ ಹುಡುಗರು ಈ ಲೆಕ್ಕವನ್ನು ಯಾರಿಂದಲೂ ಕಲಿಯಬೇಕಾಗಿಲ್ಲ.

ಆದರೆ ಗಾಂಧಿಯವರ ಲೆಕ್ಕ ನಡೆಯುವುದು ಬಾಗಿಲು ತೆರೆದ ಮೇಲೆ. ಯು. ಆರ್. ಅನಂತಮೂರ್ತಿಯವರು 1963ರಿಂದ 1966ರವರೆಗೆ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದರು. ಅಗ್ರಹಾರದ ಕಥೆಯಾದ ‘ಸಂಸ್ಕಾರ’ ಅಲ್ಲಿ ಬರೆದದ್ದು. ಆ ವರ್ಷಗಳಲ್ಲೇ ಆ ನಗರಕ್ಕೆ ಅಂಟಿಕೊಂಡಿರುವ ಸ್ಮೆದಿಕ್ ಎಂಬ ಪಟ್ಟಣದ ಪುರಸಭೆ, ಮಾರ್ಷಲ್ ಬೀದಿಯಲ್ಲಿ ಖಾಲಿಯಾಗುವ ಮನೆಗಳನ್ನು ತಾನೇ ಕೊಂಡು ಬಿಳಿಯರಿಗೆ ಮಾತ್ರ ಬಾಡಿಗೆಗೆ ಕೊಡಬೇಕೆಂದು ಹೊರಟಿತ್ತು. ಇಂಗ್ಲೆಂಡಿನ ಕಿಟಕಿಗಳಲ್ಲಿ ‘ಕರಿಯರಿಗೆ ಇಲ್ಲ’ ಎಂಬ ಚೀಟಿಗಳು ಕಾಣುತ್ತಿದ್ದ ಕಾಲವದು. 1965ರ ಜನಾಂಗ ಸಂಬಂಧಗಳ ಕಾಯಿದೆ ಬಾಡಿಗೆ ಮನೆಯನ್ನು ಮುಟ್ಟಲಿಲ್ಲ. 1968ರ ಕಾಯಿದೆ ಮುಟ್ಟಿತು. ಅಮೆರಿಕದಲ್ಲೂ ವಸತಿಯ ನ್ಯಾಯದ ಕಾಯಿದೆ ಬಂದದ್ದು ಅದೇ 1968ರಲ್ಲಿ. ಅಲ್ಲಿಯೂ ಎರಡನೆಯ ಪ್ರಶ್ನೆಯನ್ನು ಕೇಳಬಾರದೆಂದು ಕಾನೂನು ಹೇಳಬೇಕಾಯಿತೆಂಬುದು ಇದರ ತಾತ್ಪರ್ಯ.

ಕಾನೂನಿಗಿಂತ ಮುಂಚೆ ಮನುಷ್ಯರು ಕೆಲವರು ಎಚ್ಚೆತ್ತಿದ್ದರು. 1909ರಲ್ಲಿ ನ್ಯೂಯಾರ್ಕಿನ ಹ್ಯಾರಿ ಎಡ್ಮಂಡ್ಸ್ ಎಂಬುವರು ಕೊಲಂಬಿಯಾದ ಗ್ರಂಥಾಲಯದ ಮೆಟ್ಟಿಲ ಮೇಲೆ ಎದುರಾದ ಒಬ್ಬ ಚೀನೀ ವಿದ್ಯಾರ್ಥಿಗೆ ವಾಡಿಕೆಯಂತೆ ಶುಭೋದಯ ಹೇಳಿದರಂತೆ. ಆ ಹುಡುಗ ನಿಂತುಬಿಟ್ಟ. ತಾನು ಈ ಊರಿಗೆ ಬಂದು ಮೂರು ವಾರವಾಯಿತೆಂದೂ ತನ್ನೊಡನೆ ಮಾತನಾಡಿದವರಲ್ಲಿ ನೀವೇ ಮೊದಲನೆಯವರೆಂದೂ ತಿಳಿಸಿದ. ಎಡ್ಮಂಡ್ಸ್ ಮನೆಗೆ ಹೋಗಿ ಹೆಂಡತಿಯೊಡನೆ ಆಲೋಚಿಸಿ, ಇಂಥ ಪರದೇಶಿಗಳನ್ನು ಭಾನುವಾರಗಳಲ್ಲಿ ಮನೆಗೆ ಕರೆಯತೊಡಗಿದರು. ಅದೇ ಬೆಳೆದು 1924ರಲ್ಲಿ ‘ಇಂಟರ್‌ನ್ಯಾಷನಲ್ ಹೌಸ್’ ಎಂಬ ದೊಡ್ಡ ವಸತಿಗೃಹವಾಯಿತು. ಬರ್ಕ್ಲಿಯಲ್ಲಿ 1930ರಲ್ಲಿ, ಷಿಕಾಗೋದಲ್ಲಿ 1932ರಲ್ಲಿ ಅಂಥವೇ ಎದ್ದುವು. ಬರ್ಕ್ಲಿಯಲ್ಲಿ ಎಲ್ಲ ಬಣ್ಣದವರೂ ಒಂದೇ ಸೂರಿನಡಿ ಇರುವುದನ್ನು ವಿರೋಧಿಸಿ ಮನೆ ಮಾಲೀಕರು ಸಭೆ ಸೇರಿದರು. ಆದರೂ ಕಟ್ಟಡ ಎದ್ದಿತು. ಯಾರ ಪೈಕಿ ಎಂದು ಕೇಳದೆ ಹೊಣೆ ಹೊರುವ ಸಂಸ್ಥೆಯೊಂದು ಸಾಧ್ಯವೆಂಬುದಕ್ಕೆ ಇದು ಸಾಕ್ಷಿ.

ಈಗಿನ ಸ್ಥಿತಿಯನ್ನು ನನಗೆ ತಿಳಿಸಿದವನು ನನ್ನ ಅಕ್ಕನ ಮೊಮ್ಮಗ. ಅವನು ಜರ್ಮನಿಯ ದೊಡ್ಡ ನಗರವೊಂದರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಆ ದೇಶದಲ್ಲಿ ಬಾಡಿಗೆಗೆ ಎರಡು ಹೆಸರು: ತಣ್ಣನೆಯ ಬಾಡಿಗೆ, ಬೆಚ್ಚನೆಯ ಬಾಡಿಗೆ. ತಣ್ಣನೆಯದು ಬರಿಯ ಗೋಡೆಗಳಿಗೆ. ಮನೆ ಕಾಯಿಸುವುದು, ನೀರು, ಕಸ ಮೊದಲಾದವುಗಳ ವೆಚ್ಚ ಸೇರಿದರೆ ಬೆಚ್ಚನೆಯದು. ಜಾಹೀರಾತಿನಲ್ಲಿ ತಣ್ಣನೆಯದನ್ನು ಕಂಡು ಹಿಗ್ಗಿದವನು ಬೆಚ್ಚನೆಯದನ್ನು ಕೇಳಿ ತಣ್ಣಗಾಗುತ್ತಾನೆ. ಮುಂಗಡ ತಣ್ಣನೆಯ ಬಾಡಿಗೆಯ ಮೂರು ತಿಂಗಳನ್ನು ಮೀರುವಂತಿಲ್ಲ, ಅದನ್ನು ಮೂರು ಕಂತಿನಲ್ಲಿ ಕಟ್ಟಬಹುದು ಎಂದು ಅಲ್ಲಿನ ಕಾನೂನು ಹೇಳುತ್ತದೆ. ಇಂಗ್ಲೆಂಡಿನಲ್ಲಿ 2019ರ ಕಾಯಿದೆಯ ಮೇಲೆ ಸಾಮಾನ್ಯವಾಗಿ ಐದು ವಾರದ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಎಣಿಸಿಕೊಟ್ಟ ಅನುಭವವಿರುವ ನಮಗೆ ಇದೆಲ್ಲ ರಾಮರಾಜ್ಯದಂತೆ ಕೇಳಿಸುತ್ತದೆ.

ಆದರೆ ಅಲ್ಲಿಯೂ ಮೂರನೆಯ ಪ್ರಶ್ನೆ ಇದೆ. ಅದು ಕಾಗದದ ರೂಪ ತಾಳಿದೆ. ಮನೆಗೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸವನ್ನು ದಾಖಲಿಸಬೇಕು. ಅದಕ್ಕೆ ಮನೆಯವರ ದೃಢೀಕರಣಪತ್ರ ಬೇಕು. ಎಷ್ಟೋ ಕೆಲಸಗಳು ಆ ದಾಖಲೆಯನ್ನೇ ಕಾಯುತ್ತವೆ. ಮನೆ ಕೊಡುವವರು ಮೂರು ತಿಂಗಳ ಸಂಬಳದ ಚೀಟಿಯನ್ನೂ, ಸಾಲ ಬಾಕಿಗಳಿಲ್ಲವೆಂದು ತೋರಿಸುವ ‘ಶುಫಾ’ ಎಂಬ ಸಂಸ್ಥೆಯ ಪತ್ರವನ್ನೂ ಕೇಳುತ್ತಾರೆ. ನಿನ್ನೆ ವಿಮಾನ ಇಳಿದವನಿಗೆ ಸಾಲವೂ ಇಲ್ಲ, ಸಾಲವಿಲ್ಲವೆಂಬ ಚರಿತ್ರೆಯೂ ಇಲ್ಲ. ಸರ್ಕಾರಿ ವಿದ್ಯಾರ್ಥಿನಿಲಯಗಳ ಸರದಿ ಉದ್ದವಾದದ್ದು. ಹಲವರು ಕೂಡಿ ಬಾಳುವ, ನಮ್ಮ ವಠಾರದ ತಂಗಿಯಂತಿರುವ ಮನೆಗಳಿವೆ. ಅಲ್ಲಿ ಒಂದು ಕೊಠಡಿ ಖಾಲಿಯಾದರೆ ಇರುವವರೆಲ್ಲ ಕುಳಿತು ಹೊಸಬನನ್ನು ಸಂದರ್ಶಿಸುತ್ತಾರೆ. ನಮ್ಮ ಹುಡುಗ ಅಂಥ ಹನ್ನೊಂದು ಸಂದರ್ಶನಗಳಲ್ಲಿ ತೇರ್ಗಡೆಯಾಗಲಿಲ್ಲ. ‘ಕೆಲಸದ ಸಂದರ್ಶನ ಇದಕ್ಕಿಂತ ಸುಲಭ ತಾತಾ’ ಎಂದು ಫೋನಿನಲ್ಲಿ ನಗುತ್ತಿದ್ದ. ಆ ನಗು ಪೂರ್ತಿ ನಗುವಾಗಿರಲಿಲ್ಲ.

ಕೊನೆಗೆ ಅವನಿಗೆ ನೆಲೆ ಸಿಕ್ಕ ಬಗೆ ಸ್ವಾರಸ್ಯವಾಗಿದೆ. ಜರ್ಮನಿಯ ಹಲವು ನಗರಗಳಲ್ಲಿ ‘ನೆರವಿಗೆ ಬದಲಾಗಿ ನೆಲೆ’ ಎಂಬ ಅರ್ಥ ಬರುವ ಹೆಸರಿನ ಏರ್ಪಾಟು ಇದೆ. ಒಂಟಿಯಾಗಿರುವ ಮುದುಕರು ತಮ್ಮ ಮನೆಯ ಒಂದು ಕೊಠಡಿಯನ್ನು ವಿದ್ಯಾರ್ಥಿಗೆ ಕೊಡುತ್ತಾರೆ. ಕೊಠಡಿ ಎಷ್ಟು ಚದರ ಮೀಟರು ಇದೆಯೋ ತಿಂಗಳಿಗೆ ಅಷ್ಟು ಗಂಟೆ, ಹದಿನೈದು ಮೀಟರಾದರೆ ಹದಿನೈದು ಗಂಟೆ, ವಿದ್ಯಾರ್ಥಿ ಅವರ ಮನೆಗೆಲಸಕ್ಕೆ 손ಕೊಡಬೇಕು; ನೀರು ವಿದ್ಯುತ್ತಿನ ವೆಚ್ಚ ಮಾತ್ರ ಬೇರೆ. ನಡುವೆ ನಿಂತು ಇಬ್ಬರನ್ನೂ ಕೂಡಿಸಿ ಹೊಣೆ ಹೊರುವುದು ಒಂದು ಸಂಸ್ಥೆ. ನಮ್ಮ ಹುಡುಗ ಈಗ ಎಂಬತ್ತು ದಾಟಿದ ವಿಧವೆಯೊಬ್ಬರ ಮನೆಯಲ್ಲಿ ಇದ್ದಾನೆ. ತೋಟದ ಎಲೆ ಗುಡಿಸುತ್ತಾನೆ, ಅಂಗಡಿಯಿಂದ ಸಾಮಾನು ತರುತ್ತಾನೆ, ಸಂಜೆ ಅವರೊಡನೆ ಇಸ್ಪೀಟು ಆಡುತ್ತಾನೆ.

ಇಲ್ಲಿ ನಾನು ಹಳ್ಳಿಮೈಸೂರಿಗೆ ಹಿಂದಿರುಗಬೇಕು. ಅಕ್ಕನಿಗೆ ಊರಿನಲ್ಲಿ ದೊಡ್ಡ ಮನೆ ಇದೆ; ಹಿಂಭಾಗದ ಎರಡು ಕೊಠಡಿಗಳು ಖಾಲಿ. ಮೊಮ್ಮಗ ಕೊಠಡಿ ಹುಡುಕುತ್ತ ಅಲೆಯುತ್ತಿದ್ದ ದಿನಗಳಲ್ಲೇ ನಮ್ಮ ಹೋಬಳಿಯ ಬ್ಯಾಂಕಿಗೆ ಒಡಿಶಾದ ಒಬ್ಬ ಹುಡುಗಿ ಕೆಲಸಕ್ಕೆ ಬಂದಳು. ಒಂದು ಪೆಟ್ಟಿಗೆ, ಕನ್ನಡದ ನಾಲ್ಕು ಮಾತು, ಅಷ್ಟೇ ಅವಳ ಆಸ್ತಿ. ಊರಿನಲ್ಲಿ ಮೂರು ಮನೆಯವರು ಇಲ್ಲವೆಂದಿದ್ದರು. ಅಕ್ಕನನ್ನು ಕೇಳಿದೆ.

‘ಅಲ್ಲಪ್ಪಾ, ಒಂಟಿ ಹೆಣ್ಮಗು. ಯಾವ ಜನವೋ ಏನೋ. ನಾಳೆ ಹೆಚ್ಚುಕಮ್ಮಿಯಾದ್ರೆ ಯಾರನ್ನ ಕೇಳೋಣ?’ ಎಂದಳು.

‘ನನ್ನನ್ನ ಕೇಳಕ್ಕ’ ಎಂದೆ.

‘ನೀನು ಯಾರು ಅವಳಿಗೆ?’

‘ಆ ಜರ್ಮನಿ ಅಜ್ಜಿಗೆ ನಮ್ಮ ಹುಡುಗ ಯಾರು?’

ಅಕ್ಕ ಉತ್ತರ ಹೇಳಲಿಲ್ಲ. ಎದ್ದು ಒಳಗೆ ಹೋದಳು. ಎರಡು ದಿನ ಬಿಟ್ಟು ಹೇಳಿ ಕಳಿಸಿದಳು: ಬಾಡಿಗೆಯಲ್ಲಿ ಒಂದು ರೂಪಾಯಿಯೂ ಬಿಡುವುದಿಲ್ಲ, ಮಾಂಸ ಬೇಯಿಸುವಂತಿಲ್ಲ, ರಾತ್ರಿ ಒಂಬತ್ತಕ್ಕೆ ಬಾಗಿಲು. ಹುಡುಗಿ ಒಪ್ಪಿದಳು. ಒಪ್ಪದೆ ಅವಳಿಗೆ ಬೇರೆ ದಾರಿಯಿರಲಿಲ್ಲ ಎಂಬುದನ್ನೂ ನಾನು ಮರೆಮಾಚುವುದಿಲ್ಲ. ಆಕೆ ಮೀನು ತಿನ್ನುವ ನಾಡಿನವಳು; ಭಾನುವಾರ ಹೊಳೆನರಸೀಪುರಕ್ಕೆ ಬಸ್ಸು ಹತ್ತಿ ಹೋಗಿ ಊಟ ಮಾಡಿ ಬರುತ್ತಿದ್ದಳು. ಆ ನಿಯಮವನ್ನು ಅಕ್ಕ ಸಡಿಲಿಸಲಿಲ್ಲ. ಒಂಬತ್ತು ಗಂಟೆಯ ನಿಯಮ ಮಾತ್ರ ಬ್ಯಾಂಕಿನ ವರ್ಷಾಂತ್ಯದ ಲೆಕ್ಕದ ದಿನಗಳಲ್ಲಿ ತಾನಾಗಿಯೇ ಬಿದ್ದುಹೋಯಿತು. ಹನ್ನೊಂದಾದರೂ ಅಕ್ಕ ಜಗಲಿಯ ದೀಪ ಆರಿಸದೆ ಕಾಯುತ್ತಿದ್ದಳು. ಎರಡು ವರ್ಷವಾದ ಮೇಲೆ ಹುಡುಗಿಗೆ ವರ್ಗವಾಯಿತು. ಹೊರಡುವ ಹೊತ್ತಿಗೆ ಅವಳು ನಮ್ಮ ಕಡೆಯ ಕನ್ನಡವನ್ನೇ ಆಡುತ್ತಿದ್ದಳು. ಹೊಸ ಊರಿನ ಮನೆಯವರಿಗೆ ತೋರಿಸಲೆಂದು ಅವಳಿಗೆ ಒಂದು ಪತ್ರ ಬೇಕಾಗಿತ್ತು. ಬಾಡಿಗೆ ತಪ್ಪದೆ ಕೊಟ್ಟಳು, ಮನೆಯನ್ನು ಚೊಕ್ಕವಾಗಿ ಇಟ್ಟುಕೊಂಡಳು ಎಂದು ಅಕ್ಕ ಹೇಳಿದಳು, ನಾನು ಬರೆದೆ, ಅಕ್ಕ ರುಜು ಹಾಕಿದಳು.

ಆ ಪತ್ರ ಸಣ್ಣದಾದರೂ ಅದರ ಬೆಲೆ ದೊಡ್ಡದು. ಹೊರದೇಶಕ್ಕೆ ಹೋಗುವ ನಮ್ಮ ಮಕ್ಕಳಿಗೆ ನಾನು ಹೇಳುವ ಮೊದಲ ಮಾತು ಇದೇ: ಇಲ್ಲಿ ನೀವು ಬಾಡಿಗೆಗಿದ್ದ ಮನೆಯವರಿಂದಲೋ ವಿದ್ಯಾರ್ಥಿನಿಲಯದವರಿಂದಲೋ ಇಂಥ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡು ಹೋಗಿ, ಅದರ ಜೊತೆಗೆ ವಿಶ್ವವಿದ್ಯಾನಿಲಯದ ಇಲ್ಲವೆ ಕೆಲಸ ಕೊಟ್ಟವರ ಪತ್ರವೂ ಇರಲಿ. ಮೊದಲ ಮೂರು ನಾಲ್ಕು ವಾರಗಳಿಗೆ ತಾತ್ಕಾಲಿಕ ವಸತಿಯನ್ನು ಗೊತ್ತುಮಾಡಿಕೊಂಡು, ಮನೆಯನ್ನು ಅಲ್ಲಿಗೆ ಹೋದ ಮೇಲೆ ಕಣ್ಣಾರೆ ನೋಡಿ ಹಿಡಿಯಿರಿ. ಚಿತ್ರ ತೋರಿಸಿ, ಬೀಗದ ಕೈಯನ್ನು ಅಂಚೆಯಲ್ಲಿ ಕಳಿಸುತ್ತೇನೆಂದು ಹೇಳಿ ಮುಂಗಡ ಕೇಳುವವನಿಗೆ ಒಂದು ಕಾಸನ್ನೂ ಕಳಿಸಬೇಡಿ. ಹಾಗೆ ಮೋಸಹೋದವರು ಎಲ್ಲ ದೇಶಗಳಲ್ಲೂ ಇದ್ದಾರೆ. ಒಳಹೊಕ್ಕ ದಿನವೇ ಗೋಡೆ, ನೆಲ, ಕಿಟಕಿಗಳ ಸ್ಥಿತಿಯನ್ನು ಪಟ್ಟಿ ಮಾಡಿ, ಚಿತ್ರ ತೆಗೆದು, ಮನೆಯವರ ರುಜು ಪಡೆಯಿರಿ. ಮುಂಗಡ ಹಿಂದಿರುಗುವುದು ಬಹುಮಟ್ಟಿಗೆ ಆ ಪಟ್ಟಿಯ ಬಲದಿಂದ.

ಇನ್ನು ಮನೆ ಕೊಡುವ ನಮ್ಮ ಪಾಲಿನ ಮಾತು. 2021ರ ಜೂನ್ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೂಡದೆಂದಿದೆ. ಆದರೆ ಅದು ಆಯಾ ರಾಜ್ಯಗಳು ತಮ್ಮ ಶಾಸನವಾಗಿ ಮಾಡಿಕೊಳ್ಳಬೇಕಾದ ಮಾದರಿ. ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನು ಹೆಸರಿಸಿ ಅಲ್ಲಿ ಭೇದ ಕೂಡದೆಂದಿತು. ಬಾಡಿಗೆ ಮನೆಯ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಜಗಲಿಯ ಮೇಲೆ ಕೇಳುವ ಎರಡನೆಯ ಪ್ರಶ್ನೆ ಇಂದಿಗೂ ಬಹುಮಟ್ಟಿಗೆ ನಮ್ಮ ನಮ್ಮ ಮನಸ್ಸಿನ ಮೇಲೆ ನಿಂತಿದೆ. ಬಸವಣ್ಣನವರ ಬಹಳ ಪ್ರಸಿದ್ಧವಾದ ವಚನವೊಂದು ಈ ‘ಯಾರವನು’ ಎಂಬ ಪ್ರಶ್ನೆಯನ್ನೇ ಎತ್ತಿಕೊಂಡಿದೆ. ಎಂಟುನೂರು ವರ್ಷಗಳಿಂದ ಅದನ್ನು ಹಾಡುತ್ತಿದ್ದೇವೆ, ಶಾಲೆಗಳಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಬಾಡಿಗೆಗೆ ಬಂದವನನ್ನು ಜಗಲಿಯಲ್ಲಿ ಕೂರಿಸಿಕೊಂಡಾಗ ಅದು ನೆನಪಾಗುವುದಿಲ್ಲ.

ನನ್ನ ಸೂಚನೆ ದೊಡ್ಡದೇನೂ ಅಲ್ಲ. ಊರಿಗೆ ಕೆಲಸಕ್ಕೋ ಓದಿಗೋ ಒಬ್ಬಂಟಿಯಾಗಿ ಬಂದವರಿಗೆ ಊರಿನ ಒಬ್ಬರು, ಮೇಷ್ಟರಾಗಲಿ, ವೈದ್ಯರಾಗಲಿ, ಅಂಗಡಿಯವರಾಗಲಿ, ಹೊಣೆಯಾಗಿ ನಿಲ್ಲುವ ರೂಢಿಯನ್ನು ಬೆಳೆಸಬಹುದು. ಕಾಲೇಜುಗಳು ತಮ್ಮ ವಿದ್ಯಾರ್ಥಿಗಳಿಗೆ, ಕಚೇರಿಗಳು ತಮ್ಮ ನೌಕರರಿಗೆ ಒಂದು ಪತ್ರ ಕೊಡಬಹುದು. ಮನೆ ಬಿಡುವವರಿಗೆ ಅಕ್ಕ ಕೊಟ್ಟಂಥ ಪತ್ರವನ್ನು ಎಲ್ಲ ಮನೆಯವರೂ ಕೊಡಬಹುದು. ಮಕ್ಕಳನ್ನು ದೂರಕ್ಕೆ ಕಳಿಸಿ ದೊಡ್ಡ ಮನೆಗಳಲ್ಲಿ ಒಂಟಿಯಾಗಿ ಉಳಿದಿರುವ ಮುದುಕರು ನಮ್ಮ ತಾಲ್ಲೂಕುಗಳಲ್ಲಿ ಕಡಿಮೆಯಿಲ್ಲ. ಕೊಠಡಿಯಿಲ್ಲದೆ ಅಲೆಯುವ ಹುಡುಗ ಹುಡುಗಿಯರೂ ಕಡಿಮೆಯಿಲ್ಲ. ಇವರಿಬ್ಬರ ನಡುವೆ ನಿಲ್ಲಲು ಬೇಕಾದ್ದು ಸರ್ಕಾರದ ಹಣವಲ್ಲ, ‘ನಾನಿದ್ದೇನೆ’ ಎನ್ನುವ ಒಬ್ಬ ಮನುಷ್ಯ. ತಾವು ಇರುವ ಬೀದಿಯಲ್ಲಿ ಅಂಥವರು ಯಾರಾಗಬಹುದೆಂದು ತಾವೇ ಆಲೋಚಿಸಿ ನೋಡಬೇಕೆಂದು ಕೋರಿ ನನ್ನ ಮಾತನ್ನು ಮುಗಿಸುತ್ತೇನೆ.